ಆರ್‌ಸಿ ರೇಸಿಂಗ್ ಮೋಟಾರಿಗೆ ಡೈನೊ: ಕಟ್ಟುವ ಬಗೆ, ಓದುವ ಬಗೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಆರ್‌ಸಿ ಕಾರುಗಳ ಹವ್ಯಾಸಿಗಳೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಎಲೆಕ್ಟ್ರಿಕ್ ಆರ್‌ಸಿ ಕಾರುಗಳ, ಅಂದರೆ ರೇಡಿಯೊ ರಿಮೋಟಿನಿಂದ ಓಡಿಸುವ ಪುಟ್ಟ ಕಾರುಗಳ, ಪಂದ್ಯದಲ್ಲಿ ಎರಡು ಬಗೆಯ ವರ್ಗಗಳಿವೆ. ಒಂದರಲ್ಲಿ ಮೋಟಾರಿನ ಮೇಲೆ ಹೆಚ್ಚಿನ ಕಟ್ಟುಪಾಡಿಲ್ಲ. ಅಲ್ಲಿ ಶಕ್ತಿ ಬೇಕಾದಷ್ಟು ಸಿಗುತ್ತದೆ, ಅದನ್ನು ಟೈರಿನ ಮೂಲಕ ನೆಲಕ್ಕೆ ಇಳಿಸುವುದೇ ಕಷ್ಟ. ಇನ್ನೊಂದು ‘ಸ್ಟಾಕ್’ ವರ್ಗ. ಅಲ್ಲಿ ಎಲ್ಲರ ಮೋಟಾರಿನಲ್ಲೂ ತಂತಿಯ ಸುತ್ತು ಒಂದೇ, ಉದಾಹರಣೆಗೆ 17.5 ಅಥವಾ 21.5, ಬ್ಯಾಟರಿಯ ವೋಲ್ಟೇಜೂ ಒಂದೇ. ಶಕ್ತಿ ಎಲ್ಲರಿಗೂ ಸಮ ಎಂದು ನಿಯಮ ಹೇಳುತ್ತದೆ, ಆದರೆ ನೇರ ದಾರಿಯ ಕೊನೆಯಲ್ಲಿ ಒಬ್ಬರ ಕಾರು ಇನ್ನೊಬ್ಬರದಕ್ಕಿಂತ ಒಂದೆರಡು ಅಡಿ ಮುಂದಿರುತ್ತದೆ. ಆ ಒಂದೆರಡು ಅಡಿಯ ಕಾರಣ ಮೋಟಾರಿನಲ್ಲಿದೆಯೊ, ಗೇರಿನಲ್ಲಿದೆಯೊ, ತಂತಿಯ ಬೆಸುಗೆಯಲ್ಲಿದೆಯೊ, ಓಡಿಸುವವನ ಬೆರಳಿನಲ್ಲಿದೆಯೊ ಎಂದು ಬಿಡಿಸಿ ಹೇಳಬಲ್ಲ ಸಾಧನ ಡೈನಮೋಮೀಟರ್. ಹವ್ಯಾಸಿಗಳ ಬಾಯಲ್ಲಿ ಅದು ಬರೀ ಡೈನೊ.

ಸಾಧನ ಹೊಸದಲ್ಲ. ತಿರುಗುವ ಶಾಫ್ಟನ್ನು ಮರದ ಹಿಡಿಯಿಂದ ಬಿಗಿದು, ಹಿಡಿಯ ತುದಿಗೆ ತೂಕ ನೇತುಹಾಕಿ ಟಾರ್ಕ್, ಅಂದರೆ ತಿರುಗಿಸುವ ಬಲವನ್ನು, ಅಳೆಯುವ ಉಪಾಯವನ್ನು ಫ್ರಾನ್ಸಿನ ಗಾಸ್ಪಾರ್ ದ ಪ್ರೋನಿ 1821ರಲ್ಲೇ ಕೊಟ್ಟಿದ್ದ. ಆಟದ ಕಾರಿನ ಮೋಟಾರಿಗೆ ಅದೇ ಪ್ರಶ್ನೆಯನ್ನು ಕೇಳುವ ಕಾಲ ಬರಲು ಒಂದೂವರೆ ಶತಮಾನ ಬೇಕಾಯಿತು. ಅಮೆರಿಕದಲ್ಲಿ ಇಂಥ ಪಂದ್ಯಗಳ ನಿಯಮ ರೂಪಿಸುವ ಸಂಸ್ಥೆ ‘ರೋರ್’ 1967ರಲ್ಲಿ ಹುಟ್ಟಿತು. ಜಪಾನಿನ ಟಾಮಿಯಾ ತನ್ನ ಮೊದಲ ಎಲೆಕ್ಟ್ರಿಕ್ ಆರ್‌ಸಿ ಕಾರನ್ನು, ಪೋರ್ಶೆ 934 ಮಾದರಿಯನ್ನು, 1976ರಲ್ಲಿ ಮಾರುಕಟ್ಟೆಗೆ ತಂದಿತು. ಅದರೊಳಗಿದ್ದ ಮಬುಚಿ 540 ಮೋಟಾರಿನ ಅಳತೆಯೇ, ಅಂದರೆ ಸುಮಾರು 36 ಮಿ.ಮೀ. ವ್ಯಾಸದ ಡಬ್ಬಿ, 3.17 ಮಿ.ಮೀ. ಶಾಫ್ಟ್, 25 ಮಿ.ಮೀ. ಅಂತರದ ಎರಡು ಸ್ಕ್ರೂ ತೂತುಗಳು, ಇವತ್ತಿನ ಬ್ರಷ್‌ಲೆಸ್ ಮೋಟಾರುಗಳಲ್ಲೂ ಉಳಿದುಕೊಂಡಿದೆ. ಡೈನೊ ಕಟ್ಟುವವರಿಗೆ ಇದು ದೊಡ್ಡ ಅನುಕೂಲ. ಒಮ್ಮೆ ಮಾಡಿಸಿದ ಮೌಂಟ್ ಹಳೆಯ ಮೋಟಾರಿಗೂ ಹೊಸ ಮೋಟಾರಿಗೂ ಹೊಂದುತ್ತದೆ.

ಬ್ರಷ್ ಮೋಟಾರುಗಳ ಕಾಲ ಡೈನೊ ಇಲ್ಲದೆ ಗೆಲ್ಲುವುದು ಕಷ್ಟವಾಗಿದ್ದ ಕಾಲ. 27 ಸುತ್ತಿನ ಸ್ಟಾಕ್ ಮೋಟಾರಿನಲ್ಲಿ ತಿರುಗುವ ಸುರುಳಿಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆಯುತ್ತಿತ್ತು, ಆ ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರಿನ ಮೈ ಸುಟ್ಟು ಒರಟಾಗುತ್ತಿತ್ತು. ಕೆಲವು ಓಟಗಳಿಗೊಮ್ಮೆ ಪುಟ್ಟ ಲೇತಿನಲ್ಲಿ ಅದನ್ನು ಕೂದಲೆಳೆಯಷ್ಟು ಕೆತ್ತಿ, ಹೊಸ ಬ್ರಷ್ ಹಾಕಿ, ಸ್ಪ್ರಿಂಗಿನ ಬಿಗಿ ಬದಲಿಸಿ, ಕಡಿಮೆ ವೋಲ್ಟೇಜಿನಲ್ಲಿ ಓಡಿಸಿ ಹದಕ್ಕೆ ತರಬೇಕಿತ್ತು. ಯಾವ ಬ್ರಷ್ಷಿಗೆ ಯಾವ ಸ್ಪ್ರಿಂಗ್ ಎಂಬುದಕ್ಕೆ ಉತ್ತರ ಹೇಳುತ್ತಿದ್ದದ್ದು ಫ್ಯಾಂಟಮ್, ರೋಬಿಟ್ರಾನಿಕ್ ಮುಂತಾದ ಕಂಪನಿಗಳ ಮೇಜಿನ ಮೇಲಿಡುವ ಡೈನೊಗಳು. ಒಂದೇ ಬಗೆಯ ಹಲವು ಮೋಟಾರು ಕೊಂಡು, ಎಲ್ಲವನ್ನೂ ಡೈನೊಗೆ ಹಾಕಿ, ಚೆನ್ನಾಗಿರುವುದನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿಬಿಡುವವರೂ ಇದ್ದರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. 2000ರ ದಶಕದಲ್ಲಿ ಬ್ರಷ್‌ಲೆಸ್ ಮೋಟಾರು ಬಂದಮೇಲೆ ಈ ಕೆತ್ತುವ ಕೆಲಸವೆಲ್ಲ ಹೋಯಿತು. ಆದರೂ ಡೈನೊದ ಅಗತ್ಯ ಹೋಗಲಿಲ್ಲ, ಏಕೆಂದರೆ ಹೊಸ ಮೋಟಾರಿನ ಹಿಂಬದಿಯ ಮುಚ್ಚಳವನ್ನು ತಿರುಗಿಸಿ ಟೈಮಿಂಗ್, ಅಂದರೆ ಸುರುಳಿಗೆ ಕರೆಂಟ್ ಎಷ್ಟು ಮುಂಚೆ ಹರಿಯಬೇಕು ಎಂಬುದನ್ನು, ಬದಲಿಸಬಹುದು, ಒಳಗೆ ತಿರುಗುವ ಅಯಸ್ಕಾಂತದ ರೋಟರ್ ಬದಲಿಸಬಹುದು. ಪ್ರಶ್ನೆಗಳು ಬೇರೆಯಾದವು, ಅಷ್ಟೆ.

ಇಂದು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ಡೈನೊದ ಗ್ರಾಫನ್ನು ಓದುವವರು ಬಹುತೇಕ ‘ಗರಿಷ್ಠ ಶಕ್ತಿ ಎಷ್ಟು ವ್ಯಾಟ್?’ ಎಂದು ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ನಾನು ಮಾಡಿದ ಬದಲಾವಣೆಯಿಂದ ಮೋಟಾರು ನಿಜಕ್ಕೂ ಉತ್ತಮವಾಯಿತೆ, ಅಥವಾ ಅದರ ಶಕ್ತಿಯ ದಿಬ್ಬ ಗ್ರಾಫಿನಲ್ಲಿ ಪಕ್ಕಕ್ಕೆ ಸರಿಯಿತೆ? ಈ ಎರಡನ್ನು ಬೇರ್ಪಡಿಸಲು ಬಾರದ ಡೈನೊ, ಎಷ್ಟೇ ಬೆಲೆಯದಾದರೂ, ದಾರಿ ತಪ್ಪಿಸುತ್ತದೆ.

ಕಾಗದದ ಮೇಲೆ ಒಂದು ಮೋಟಾರನ್ನು ಕಲ್ಪಿಸಿಕೊಳ್ಳೋಣ. ಅದರ ಕೆವಿ 2300, ಅಂದರೆ ಭಾರವಿಲ್ಲದಾಗ ವೋಲ್ಟಿಗೆ ನಿಮಿಷಕ್ಕೆ 2300 ಸುತ್ತು. ವೋಲ್ಟೇಜ್ 7.4. ಬ್ಯಾಟರಿಯಿಂದ ಹಿಡಿದು ಸುರುಳಿಯವರೆಗೆ ಎಲ್ಲ ಸೇರಿದ ರೋಧ 44 ಮಿಲಿಓಮ್. ಭಾರವಿಲ್ಲದೆ ಇದು ಸುಮಾರು 17,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ವೇಗದಲ್ಲಿ ತಿರುಗುತ್ತದೆ; ಪ್ರತಿ ಆಂಪಿಯರಿಗೆ ಕೊಡುವ ಟಾರ್ಕ್ 9.55 ಅನ್ನು ಕೆವಿಯಿಂದ ಭಾಗಿಸಿದಷ್ಟು, ಅಂದರೆ 0.00415 ನ್ಯೂಟನ್-ಮೀಟರ್. ವೇಗ ಸೊನ್ನೆಯಿಂದ ಮೇಲೇರಿದಂತೆ ಟಾರ್ಕ್ ನೇರ ಗೆರೆಯಲ್ಲಿ ಇಳಿಯುತ್ತದೆ. ಟಾರ್ಕನ್ನು ವೇಗದಿಂದ ಗುಣಿಸಿದರೆ ಶಕ್ತಿ. ಅದು ದಿಬ್ಬದಂತೆ ಏರಿ, 17,000ದ ಅರ್ಧದಲ್ಲಿ, 8,500ರಲ್ಲಿ, ತುದಿ ಮುಟ್ಟಿ ಇಳಿಯುತ್ತದೆ. ತುದಿಯ ಎತ್ತರ ವೋಲ್ಟೇಜಿನ ವರ್ಗವನ್ನು ರೋಧದ ನಾಲ್ಕರಷ್ಟರಿಂದ ಭಾಗಿಸಿದ್ದು, ಸುಮಾರು 311 ವ್ಯಾಟ್. ಈ ಲೆಕ್ಕದಲ್ಲಿ ಕೆವಿ ಎಲ್ಲೂ ಬರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಈಗ ಟೈಮಿಂಗ್ ಹೆಚ್ಚಿಸಿ ಕೆವಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿದೆವು, 2530 ಆಯಿತು ಎನ್ನೋಣ. 12,000 ಆರ್‌ಪಿಎಂನಲ್ಲಿ ಮೊದಲಿನ ಮೋಟಾರು ಸುಮಾರು 50 ಆಂಪಿಯರ್ ಎಳೆದು 259 ವ್ಯಾಟ್ ಕೊಡುತ್ತಿತ್ತು. ಈಗ 60 ಆಂಪಿಯರ್ ಎಳೆದು 286 ವ್ಯಾಟ್ ಕೊಡುತ್ತದೆ. ಟ್ರ್ಯಾಕಿನಲ್ಲಿ ಕಾರು ಚುರುಕಾಯಿತು ಎಂದು ಖುಷಿಯಾಗುತ್ತದೆ. ಆದರೆ ತಾಮ್ರದಲ್ಲಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ 108 ವ್ಯಾಟಿನಿಂದ 160ಕ್ಕೆ ಏರಿತು. ಶಕ್ತಿಗೆ ನೂರಕ್ಕೆ ಹತ್ತು ಸೇರಿತು, ಬಿಸಿಗೆ ನೂರಕ್ಕೆ ಐವತ್ತರ ಹತ್ತಿರ ಸೇರಿತು. ಇನ್ನೂ ಮುಖ್ಯವಾದದ್ದೆಂದರೆ, ಟೈಮಿಂಗ್ ಮುಟ್ಟದೆ ಪಿನಿಯನ್ನಿನ, ಅಂದರೆ ಮೋಟಾರಿನ ಶಾಫ್ಟಿಗೆ ಹಾಕುವ ಪುಟ್ಟ ಗೇರಿನ, ಹಲ್ಲಿನ ಲೆಕ್ಕವನ್ನಷ್ಟೇ ಬದಲಿಸಿದ್ದರೂ ಇದೇ ಫಲ ಸಿಗುತ್ತಿತ್ತು. ದಿಬ್ಬ ಬೆಳೆಯಲಿಲ್ಲ, ಬಲಕ್ಕೆ ಸರಿಯಿತು. ನಿಜವಾದ ಮೋಟಾರು ಈ ಕಾಗದದ ಮೋಟಾರಿನಷ್ಟು ಸರಳವಲ್ಲ. ಸುರುಳಿಯ ಇಂಡಕ್ಟೆನ್ಸಿನಿಂದಾಗಿ ಹೆಚ್ಚಿನ ವೇಗದಲ್ಲಿ ಕರೆಂಟ್ ಹಿಂದೆ ಬೀಳುತ್ತದೆ, ಕಬ್ಬಿಣದಲ್ಲಿ ಬೇರೆ ನಷ್ಟಗಳಿವೆ. ಆದ್ದರಿಂದ ಒಂದಷ್ಟು ಡಿಗ್ರಿ ಟೈಮಿಂಗ್ ನಿಜವಾದ ಲಾಭವನ್ನೇ ಕೊಡುತ್ತದೆ, ಅದರಾಚೆಗೆ ಬರೀ ಬಿಸಿ. ಆ ಗಡಿ ಎಲ್ಲಿದೆ ಎಂದು ತೋರಿಸುವುದಕ್ಕಾಗಿಯೇ ಡೈನೊ ಬೇಕು.

ಡೈನೊ ಕಟ್ಟುವುದರಲ್ಲಿ ಎರಡು ದಾರಿ. ಮೊದಲನೆಯದು ಬ್ರೇಕ್ ಡೈನೊ: ಮೋಟಾರಿಗೆ ಇನ್ನೊಂದು ಮೋಟಾರನ್ನು ಜನರೇಟರಿನಂತೆ ಜೋಡಿಸಿ, ಅದರ ಮೇಲೆ ರೆಸಿಸ್ಟರ್ ಭಾರ ಹೇರಿ, ಜನರೇಟರಿನ ಮೈಯನ್ನು ಒಂದು ತೋಳಿನ ಮೂಲಕ ಲೋಡ್‌ಸೆಲ್ (ತೂಕ ಅಳೆಯುವ ಸೆನ್ಸರ್) ಮೇಲೆ ಒರಗಿಸುವುದು. ತೋಳು 100 ಮಿ.ಮೀ. ಇದ್ದರೆ 0.2 ನ್ಯೂಟನ್-ಮೀಟರ್ ಟಾರ್ಕಿಗೆ ಲೋಡ್‌ಸೆಲ್ಲಿನ ಮೇಲೆ ಸುಮಾರು 204 ಗ್ರಾಂ ತೂಕ ಬೀಳುತ್ತದೆ. ಅಡುಗೆಮನೆಯ ತಕ್ಕಡಿ ಅಳೆಯುವಷ್ಟೇ. ಒಂದು ವೇಗದಲ್ಲಿ ನಿಲ್ಲಿಸಿ ನಿಧಾನವಾಗಿ ಅಳೆಯಬಹುದು ಎಂಬುದು ಇದರ ಗುಣ, ನಿಲ್ಲಿಸಿದಷ್ಟು ಹೊತ್ತೂ ಮೋಟಾರು ಕಾಯುತ್ತಲೇ ಇರುತ್ತದೆ ಎಂಬುದು ದೋಷ. ಹತ್ತು ಬಿಂದುಗಳಲ್ಲಿ ಅಳೆಯುವ ಹೊತ್ತಿಗೆ ಮೊದಲ ಬಿಂದುವಿನ ಮೋಟಾರೂ ಹತ್ತನೆಯ ಬಿಂದುವಿನ ಮೋಟಾರೂ ಬೇರೆಬೇರೆಯಾಗಿರುತ್ತವೆ.

ಎರಡನೆಯದು ಫ್ಲೈವೀಲ್ ಡೈನೊ. ತೂಕದ ಒಂದು ಚಕ್ರವನ್ನು ಮೋಟಾರು ನಿಂತಲ್ಲಿಂದ ಪೂರ್ತಿ ವೇಗಕ್ಕೆ ಎಳೆಯಲಿ. ಆ ಚಕ್ರದ ವೇಗ ಎಷ್ಟು ಬೇಗ ಏರುತ್ತದೆ ಎಂದು ಅಳೆದರೆ, ಚಕ್ರದ ತಿರುಗು ಜಡತ್ವವನ್ನು ಕೋನೀಯ ವೇಗೋತ್ಕರ್ಷದಿಂದ ಗುಣಿಸಿದಾಗ ಟಾರ್ಕ್ ಸಿಗುತ್ತದೆ. ಲೋಡ್‌ಸೆಲ್ ಬೇಡ, ಬ್ರೇಕ್ ಬೇಡ, ಗಡಿಯಾರ ಒಂದು ಸಾಕು. ಎರಡು-ಮೂರು ಸೆಕೆಂಡಿನಲ್ಲಿ ಇಡೀ ಗ್ರಾಫ್ ಕೈಗೆ ಬರುತ್ತದೆ, ಮೋಟಾರು ಬಿಸಿಯಾಗಲು ಸಮಯವೇ ಇರುವುದಿಲ್ಲ. ಮನೆಯಲ್ಲಿ ಕಟ್ಟುವವರಿಗೆ ನನ್ನ ಸಲಹೆ ಇದೇ.

ಚಕ್ರದ ಅಳತೆಯಿಂದ ಆರಂಭಿಸೋಣ. 80 ಮಿ.ಮೀ. ವ್ಯಾಸ, 12 ಮಿ.ಮೀ. ದಪ್ಪದ ಉಕ್ಕಿನ ಬಿಲ್ಲೆ ಸುಮಾರು 473 ಗ್ರಾಂ ತೂಗುತ್ತದೆ. ಅದರ ತಿರುಗು ಜಡತ್ವ ತೂಕದ ಅರ್ಧವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದ್ದು, 0.000379 ಕಿಲೋಗ್ರಾಂ-ಚದರ ಮೀಟರ್. ನಡುವಿನ 8 ಮಿ.ಮೀ. ತೂತಿಗೆ ಎಷ್ಟು ಕಳೆಯಬೇಕು ಎಂದು ಕೇಳುವವರಿದ್ದಾರೆ. ಜಡತ್ವ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ಆ ತೂತಿನ ಪಾಲು ಹತ್ತುಸಾವಿರದಲ್ಲಿ ಒಂದು, ಮರೆತುಬಿಡಬಹುದು. ಮೋಟಾರಿನ ರೋಟರಿನ ಪಾಲು ನೂರಕ್ಕೆ ಕಾಲರಷ್ಟೂ ಇಲ್ಲ. ಆದರೆ ಅದೇ ನಾಲ್ಕನೆಯ ಘಾತದ ಕಾರಣಕ್ಕೆ ಹೊರವ್ಯಾಸವನ್ನು ಮಾತ್ರ ವರ್ನಿಯರಿನಲ್ಲಿ ಎಚ್ಚರದಿಂದ ಅಳೆಯಬೇಕು: ವ್ಯಾಸದಲ್ಲಿ ನೂರಕ್ಕೆ ಒಂದು ತಪ್ಪಿದರೆ ಜಡತ್ವದಲ್ಲಿ ನೂರಕ್ಕೆ ನಾಲ್ಕು ತಪ್ಪುತ್ತದೆ.

ಈ ಬಿಲ್ಲೆಯನ್ನು ನೇರವಾಗಿ ಮೋಟಾರಿನ 3.17 ಮಿ.ಮೀ. ಶಾಫ್ಟಿಗೆ ಗ್ರಬ್ ಸ್ಕ್ರೂ ಹಾಕಿ ಸಿಕ್ಕಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಲೆಕ್ಕ ನೋಡಿ: 17,000 ಆರ್‌ಪಿಎಂನಲ್ಲಿ ಬಿಲ್ಲೆಯ ಅಂಚು ಸೆಕೆಂಡಿಗೆ 71 ಮೀಟರ್, ಅಂದರೆ ಗಂಟೆಗೆ 256 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ, ಅದರಲ್ಲಿ ಕೂಡಿಟ್ಟ ಚಲನಶಕ್ತಿ ಸುಮಾರು 600 ಜೌಲ್, ಒಂದು ಕಿಲೋ ತೂಕವನ್ನು 60 ಮೀಟರ್ ಎತ್ತರದಿಂದ ಬಿಟ್ಟಷ್ಟು. ಉಕ್ಕಿನ ಬಿಲ್ಲೆ ಆ ವೇಗಕ್ಕೆ ಸಿಡಿಯುವುದಿಲ್ಲ, ಅದರ ಒಳಗಿನ ಎಳೆತ ಉಕ್ಕಿನ ತಾಳಿಕೆಗಿಂತ ಎಷ್ಟೋ ಕಡಿಮೆ. ಅಪಾಯ ಇರುವುದು ಬಿಲ್ಲೆ ಶಾಫ್ಟಿನಿಂದ ಕಳಚಿಕೊಳ್ಳುವುದರಲ್ಲಿ. ಇನ್ನು ಸಮತೋಲ: ಬಿಲ್ಲೆಯ ಕೇಂದ್ರ ತಿರುಗುವ ಅಕ್ಷದಿಂದ 0.05 ಮಿ.ಮೀ. ಆಚೀಚೆ ಇದ್ದರೂ, ಅಂದರೆ ಕಾಗದದ ದಪ್ಪಕ್ಕಿಂತ ಕಡಿಮೆ ತಪ್ಪಿದ್ದರೂ, ಪೂರ್ತಿ ವೇಗದಲ್ಲಿ ಅದು 75 ನ್ಯೂಟನ್ ಬಲದಿಂದ ಬೇರಿಂಗನ್ನು ಒದೆಯುತ್ತದೆ. ಏಳೂವರೆ ಕಿಲೋ ತೂಕ ಸೆಕೆಂಡಿಗೆ 283 ಸಲ ದಿಕ್ಕು ಬದಲಿಸುತ್ತ ಮೋಟಾರಿನ ಪುಟ್ಟ ಬೇರಿಂಗಿನ ಮೇಲೆ ಕೂತರೆ ಏನಾಗುತ್ತದೆಂದು ಊಹಿಸಬಹುದು.

ಆದ್ದರಿಂದ ಬಿಲ್ಲೆಗೆ ತನ್ನದೇ 8 ಮಿ.ಮೀ. ಶಾಫ್ಟ್ ಇರಲಿ, ಅದರ ಎರಡೂ ಬದಿಗೆ 608 ಬೇರಿಂಗ್ ಇರಲಿ. ಸ್ಕೇಟಿಂಗ್ ಗಾಲಿಗಳಲ್ಲಿ ಬರುವ ಇದು ಎಲ್ಲ ಬೇರಿಂಗ್ ಅಂಗಡಿಗಳಲ್ಲೂ ಸಿಗುತ್ತದೆ. ಪೀಣ್ಯದಂಥ ಜಾಗದಲ್ಲಿ ಸಣ್ಣ ಲೇತ್ ಅಂಗಡಿಯವರು ಒಂದೇ ಬಿಡಿ ಕೆಲಸವನ್ನು ಒಪ್ಪಿಕೊಳ್ಳಲು ಸ್ವಲ್ಪ ಗೊಣಗಬಹುದು, ಆದರೆ ಕೆಲಸದ ಉದ್ದೇಶ ಹೇಳಿದರೆ ಬಹುತೇಕರಿಗೆ ಕುತೂಹಲ ಹುಟ್ಟುತ್ತದೆ. ಅವರಿಗೆ ಹೇಳಬೇಕಾದ ಮಾತು ಇಷ್ಟೆ: ಬಿಲ್ಲೆಯನ್ನು ಶಾಫ್ಟಿಗೆ ಬಿಗಿಯಾಗಿ ಪ್ರೆಸ್ ಮಾಡಿದ ಮೇಲೆ, ಶಾಫ್ಟನ್ನೇ ಸೆಂಟರುಗಳ ನಡುವೆ ಹಿಡಿದು ಬಿಲ್ಲೆಯ ಹೊರಮೈಯನ್ನೂ ಎರಡು ಮುಖಗಳನ್ನೂ ಕೊನೆಯ ಕಟ್ ತೆಗೆಯಬೇಕು. ಮೊದಲೇ ಬಿಲ್ಲೆ ತಯಾರಿಸಿ ಆಮೇಲೆ ಶಾಫ್ಟಿಗೆ ಹಾಕಿದರೆ ಡಯಲ್ ಗೇಜಿನ ಮುಳ್ಳು ಕುಣಿಯುತ್ತದೆ. ಮೋಟಾರಿನ ಶಾಫ್ಟಿಗೂ ಬಿಲ್ಲೆಯ ಶಾಫ್ಟಿಗೂ ನಡುವಿನ ಅಲ್ಯೂಮಿನಿಯಂ ಕಪ್ಲಿಂಗಿನ ಎರಡು ತೂತುಗಳನ್ನೂ ಒಂದೇ ಸೆಟ್ಟಿಂಗಿನಲ್ಲಿ ಕೊರೆಯಿಸಬೇಕು. ಕಪ್ಲಿಂಗ್ ಬದಲು ಪಿನಿಯನ್ ಮತ್ತು ಸ್ಪರ್ ಗೇರ್ ಹಾಕಿ ಬಿಲ್ಲೆಯನ್ನು ನಿಧಾನವಾಗಿ ತಿರುಗಿಸುವ ವಿಧಾನವೂ ಇದೆ. ಅದು ಹೆಚ್ಚು ಸುರಕ್ಷಿತ. ಆದರೆ ಮೋಟಾರಿಗೆ ಕಾಣುವ ಜಡತ್ವವನ್ನು ಗೇರ್ ಅನುಪಾತದ ವರ್ಗದಿಂದ ಭಾಗಿಸಿಕೊಳ್ಳಬೇಕು, ಹಲ್ಲುಗಳ ಬಿಗಿ-ಸಡಿಲ ಪ್ರತಿ ಸಲವೂ ಒಂದೇ ಇರುವಂತೆ ನೋಡಿಕೊಳ್ಳಬೇಕು.

ಮುಚ್ಚಳವಿಲ್ಲದೆ ಯಂತ್ರ ಚಾಲೂ ಮಾಡುವಂತಿಲ್ಲ. ಬಿಲ್ಲೆಯ ಸುತ್ತ ದಪ್ಪ ಉಕ್ಕಿನ ಪೈಪಿನ ತುಂಡು, ನೋಡುವ ಕಡೆ ಪಾಲಿಕಾರ್ಬನೇಟ್ ಹಾಳೆ. ಅಕ್ರಿಲಿಕ್ ಅಗ್ಗ, ಆದರೆ ಪೆಟ್ಟು ಬಿದ್ದರೆ ಚೂರಾಗುತ್ತದೆ. ಬಿಲ್ಲೆ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು. ವೇಗದ ಸೆನ್ಸರಿನಿಂದ ಸಂಕೇತ ನಿಂತುಹೋದರೆ ಮೋಟಾರಿನ ಕರೆಂಟನ್ನು ತಾನಾಗಿ ಕಡಿಯುವ ವ್ಯವಸ್ಥೆ ಪ್ರೋಗ್ರಾಮಿನಲ್ಲಿರಬೇಕು.

ಈಗ ಗಡಿಯಾರದ ವಿಷಯ. ಹೆಚ್ಚಿನ ಮನೆ-ಡೈನೊಗಳು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಬಿಲ್ಲೆಯ ಮುಖದ ಮೇಲೆ ಒಂದು ಪುಟ್ಟ ಗುರುತು, ಎದುರಿಗೆ ಆಪ್ಟಿಕಲ್ ಸೆನ್ಸರ್. ಪ್ರತಿ ಸುತ್ತಿಗೊಂದು ಪಲ್ಸ್ ಆರ್ಡುಯಿನೊಗೆ, ಅಂದರೆ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ, ಬರುತ್ತದೆ. ನಮ್ಮ ಕಾಗದದ ಮೋಟಾರು ಈ ಬಿಲ್ಲೆಯನ್ನು ಎಳೆಯುತ್ತ 8,500 ಆರ್‌ಪಿಎಂ ದಾಟುವಾಗ ಒಂದು ಸುತ್ತಿಗೆ 7.06 ಮಿಲಿಸೆಕೆಂಡ್ ಹಿಡಿಯುತ್ತದೆ, ಅದರ ಮುಂದಿನ ಸುತ್ತು ಅದಕ್ಕಿಂತ ಸುಮಾರು 52 ಮೈಕ್ರೋಸೆಕೆಂಡ್ ಬೇಗ ಮುಗಿಯುತ್ತದೆ. ನಮಗೆ ಬೇಕಾದ ಟಾರ್ಕಿನ ಮಾಹಿತಿ ಇರುವುದು ಆ 52 ಮೈಕ್ರೋಸೆಕೆಂಡಿನಲ್ಲಿ ಮಾತ್ರ. ಸಾಮಾನ್ಯವಾಗಿ ಎಲ್ಲರೂ ಬಳಸುವ ಆರ್ಡುಯಿನೊ ಊನೊದ ಮೈಕ್ರೋಸೆಕೆಂಡ್ ಎಣಿಕೆ 4ರ ಹೆಜ್ಜೆಯಲ್ಲಿ ಏರುತ್ತದೆ. ಅಂದರೆ ಒಂದು ಹೆಜ್ಜೆ ತಪ್ಪಿದರೂ ಟಾರ್ಕಿನಲ್ಲಿ ನೂರಕ್ಕೆ ಎಂಟರಷ್ಟು ತಪ್ಪು. ಅದೇ ಮೋಟಾರು 15,000 ಆರ್‌ಪಿಎಂ ತಲುಪಿದಾಗ ಎಳೆತ ಕಡಿಮೆಯಾಗಿ, ಸುತ್ತಿಂದ ಸುತ್ತಿಗೆ ಆಗುವ ವ್ಯತ್ಯಾಸ 2 ಮೈಕ್ರೋಸೆಕೆಂಡಿಗೆ ಇಳಿದಿರುತ್ತದೆ. ಗಡಿಯಾರದ ಒಂದು ಹೆಜ್ಜೆಗಿಂತ ಅಳೆಯಬೇಕಾದದ್ದೇ ಚಿಕ್ಕದು. ಗ್ರಾಫಿನ ಬಲಭಾಗ ಗರಗಸದ ಹಲ್ಲಿನಂತೆ ಕಾಣುವುದು ಮೋಟಾರಿನ ದೋಷದಿಂದಲ್ಲ.

ಪರಿಹಾರ ಎರಡಿವೆ, ಎರಡನ್ನೂ ಮಾಡಬೇಕು. ಮೊದಲನೆಯದು, ಆ ಚಿಪ್ಪಿನಲ್ಲೇ ಇರುವ ಟೈಮರಿನ ಇನ್‌ಪುಟ್ ಕ್ಯಾಪ್ಚರ್ ಸೌಲಭ್ಯವನ್ನು ಬಳಸುವುದು; 16 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದರ ಹೆಜ್ಜೆ 62.5 ನ್ಯಾನೋಸೆಕೆಂಡ್, ಪಲ್ಸ್ ಬಂದ ಕ್ಷಣವನ್ನು ಹಾರ್ಡ್‌ವೇರ್ ತಾನೇ ಬರೆದಿಡುತ್ತದೆ. ಎರಡನೆಯದು, ಒಂದೊಂದು ಸುತ್ತನ್ನು ಹೋಲಿಸುವ ಬದಲು ಹತ್ತು ಹತ್ತು ಸುತ್ತುಗಳ ಗುಂಪನ್ನು ಹೋಲಿಸುವುದು. ಹತ್ತು ಸುತ್ತಿನ ಗುಂಪಿನಲ್ಲಿ ವ್ಯತ್ಯಾಸ ಹತ್ತರಷ್ಟಲ್ಲ, ನೂರರಷ್ಟಾಗುತ್ತದೆ. 2 ಮೈಕ್ರೋಸೆಕೆಂಡ್ ಇದ್ದದ್ದು 200 ದಾಟುತ್ತದೆ. ಸುತ್ತಿಗೆ ಒಂದರ ಬದಲು ನಾಲ್ಕು ಗುರುತು ಹಾಕಿದರೆ ಮಾಹಿತಿ ಹೆಚ್ಚುತ್ತದೆ ಎಂದು ಹಲವರು ನಂಬಿದ್ದಾರೆ. ನಾಲ್ಕು ಗುರುತುಗಳ ನಡುವಿನ ಅಂತರ ಕರಾರುವಾಕ್ಕಾಗಿ ಸಮವಿರದಿದ್ದರೆ ಅದು ತಪ್ಪನ್ನೇ ಹೆಚ್ಚಿಸುತ್ತದೆ. ಒಂದೇ ಗುರುತಿಗೆ ಈ ತೊಂದರೆ ಬರುವುದಿಲ್ಲ.

ಕರೆಂಟ್ ಅಳೆಯಲು ಎಸಿಎಸ್758ರಂಥ ಹಾಲ್ ಸೆನ್ಸರ್ ಸಾಕು. 200 ಆಂಪಿಯರ್‌ವರೆಗಿನ ಬಗೆಗಳು ದೊರೆಯುತ್ತವೆ. ವೋಲ್ಟೇಜನ್ನು ಬ್ಯಾಟರಿಯ ತುದಿಯಲ್ಲಿ ಅಳೆಯದೆ, ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಸ್ಪೀಡ್ ಕಂಟ್ರೋಲರಿನ ತುದಿಯಲ್ಲಿ ಅಳೆಯಬೇಕು. ಶಕ್ತಿ ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ಒಂದು ಓಟವನ್ನು 8.40 ವೋಲ್ಟಿನಲ್ಲೂ ಇನ್ನೊಂದನ್ನು 8.20ರಲ್ಲೂ ಮಾಡಿದರೆ ಮೋಟಾರನ್ನು ಮುಟ್ಟದೆಯೇ ನೂರಕ್ಕೆ ಐದರ ಹತ್ತಿರ ವ್ಯತ್ಯಾಸ ಕಾಣುತ್ತದೆ. ಪಿಟ್ಟಿನಲ್ಲಿ ಜನ ದುಡ್ಡು ಸುರಿಯುವ ರೋಟರುಗಳು ಕೊಡುವ ಲಾಭ ಎಷ್ಟೋ ಸಲ ಇದಕ್ಕಿಂತ ಕಡಿಮೆ. ಹಾಗಾಗಿ ಪ್ರತಿ ಓಟವನ್ನೂ ಒಂದೇ ಬ್ಯಾಟರಿಯಿಂದ, ಒಂದೇ ವೋಲ್ಟೇಜಿನಲ್ಲಿ ಆರಂಭಿಸಬೇಕು.

ಬಿಸಿಯದ್ದೂ ಇದೇ ಕಥೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ನೂರಕ್ಕೆ 0.39ರಷ್ಟು ಏರುತ್ತದೆ, ನಿಯೋಡಿಮಿಯಂ ಅಯಸ್ಕಾಂತದ ಬಲ ಪ್ರತಿ ಡಿಗ್ರಿಗೆ ನೂರಕ್ಕೆ ಸುಮಾರು 0.11ರಷ್ಟು ಇಳಿಯುತ್ತದೆ. 25 ಡಿಗ್ರಿಯ ಮೋಟಾರಿಗೂ 85 ಡಿಗ್ರಿಯ ಮೋಟಾರಿಗೂ ಸುರುಳಿಯ ರೋಧದಲ್ಲಿ ನೂರಕ್ಕೆ 23ರ ಅಂತರ. ಒಂದಾದಮೇಲೊಂದರಂತೆ ಓಡಿಸಿ ‘ಮೂರನೆಯ ಟೈಮಿಂಗ್ ಚೆನ್ನಾಗಿಲ್ಲ’ ಎಂದು ತೀರ್ಮಾನಿಸುವವರು ನಿಜವಾಗಿ ಅಳೆದದ್ದು ಮೂರನೆಯ ಹೊತ್ತಿನ ಬಿಸಿಯನ್ನು. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಡಬ್ಬಿಯ ಒಂದೇ ಜಾಗಕ್ಕೆ ಗುರಿಯಿಟ್ಟು, ಪ್ರತಿ ಓಟವನ್ನೂ ಒಂದೇ ತಾಪಮಾನದಲ್ಲಿ ಆರಂಭಿಸಿ. ಕಾಯುವುದು ಬೇಸರ, ನಿಜ. ಅಷ್ಟು ಹೊತ್ತು ಫ್ಯಾನ್ ಇಡಿ.

ಸ್ಪೀಡ್ ಕಂಟ್ರೋಲರಿನ ಬಗ್ಗೆ ಒಂದೇ ಮಾತು: ಸ್ಟಾಕ್ ವರ್ಗದಲ್ಲಿ ಅದರ ಎಲೆಕ್ಟ್ರಾನಿಕ್ ಟೈಮಿಂಗ್ ಸೊನ್ನೆಗಿಟ್ಟು, ಎಲ್‌ಇಡಿ ಮಿನುಗುವ ‘ಬ್ಲಿಂಕಿ’ ಮೋಡಿನಲ್ಲಿ ಓಡಿಸುತ್ತಾರೆ; ಡೈನೊದಲ್ಲೂ ಹಾಗೆಯೇ ಇಡಬೇಕು, ಡ್ರ್ಯಾಗ್ ಬ್ರೇಕ್, ಅಂದರೆ ಥ್ರಾಟಲ್ ಬಿಟ್ಟಾಗ ತಾನಾಗಿ ಹಿಡಿಯುವ ಬ್ರೇಕ್, ಕೂಡ ಸೊನ್ನೆ ಇರಬೇಕು. ಡ್ರ್ಯಾಗ್ ಬ್ರೇಕ್ ಸೊನ್ನೆ ಇರುವುದರಿಂದ ಇನ್ನೊಂದು ಉಪಯೋಗವಿದೆ. ಪೂರ್ತಿ ವೇಗ ಮುಟ್ಟಿದ ಮೇಲೆ ಥ್ರಾಟಲ್ ಬಿಟ್ಟರೆ ಬಿಲ್ಲೆ ತಾನಾಗಿ ನಿಧಾನವಾಗುತ್ತದೆ. ಆ ನಿಧಾನವಾಗುವಿಕೆಯನ್ನೂ ದಾಖಲಿಸಿದರೆ ಬೇರಿಂಗು, ಗಾಳಿ, ಮೋಟಾರಿನ ಕಬ್ಬಿಣ ಎಲ್ಲ ಸೇರಿ ಎಷ್ಟು ತಡೆಯುತ್ತಿವೆ ಎಂದು ತಿಳಿಯುತ್ತದೆ. ಮೋಟಾರನ್ನು ಕಳಚಿಟ್ಟು ಬಿಲ್ಲೆಯನ್ನು ಮಾತ್ರ ಬೇರೆ ವಿಧಾನದಿಂದ ತಿರುಗಿಸಿ ಬಿಟ್ಟರೆ ಯಂತ್ರದ ಪಾಲು ಬೇರೆಯಾಗುತ್ತದೆ. ಉಳಿದದ್ದು ಮೋಟಾರಿನ ಪಾಲು. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಬೇರಿಂಗಿಗೆ ಎಣ್ಣೆ ಹಾಕುವ ಅಥವಾ ಬೇರಿಂಗನ್ನೇ ಬದಲಿಸುವ ಹೊತ್ತು ಬಂದಿದೆ.

ಇಷ್ಟೆಲ್ಲ ಕಟ್ಟಿದ ಮೇಲೆ ನಿಮ್ಮ ಡೈನೊ 311 ವ್ಯಾಟ್ ಎಂದು ತೋರಿಸಿ, ಗೆಳೆಯರ ಡೈನೊ ಅದೇ ಮೋಟಾರಿಗೆ 290 ಎಂದು ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಜಡತ್ವದ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರು ಸ್ವಲ್ಪ ತಪ್ಪಿರಬಹುದು, ಬ್ಯಾಟರಿ ಬೇರೆ ಇರಬಹುದು. ಅದೇ ಮೋಟಾರನ್ನು ಕಳಚಿ, ಮತ್ತೆ ಜೋಡಿಸಿ, ಮರುದಿನ ಓಡಿಸಿದಾಗ ನಿಮ್ಮ ಯಂತ್ರ ಅದೇ ಅಂಕಿ ಕೊಡುತ್ತದೆಯೆ ಎಂಬುದು ಪರೀಕ್ಷೆ. ನೂರಕ್ಕೆ ಒಂದರೊಳಗೆ ಬಂದರೆ ಆ ಡೈನೊ ಕೆಲಸಕ್ಕೆ ಬರುತ್ತದೆ. ಒಂದು ಹಳೆಯ ಮೋಟಾರನ್ನು ಪಂದ್ಯಕ್ಕೆ ಬಳಸದೆ ಪಕ್ಕಕ್ಕಿಟ್ಟು, ಪ್ರತಿ ಸಲ ಅಳತೆ ಆರಂಭಿಸುವ ಮೊದಲು ಅದನ್ನೇ ಓಡಿಸಿ ನೋಡುವ ಪದ್ಧತಿ ಒಳ್ಳೆಯದು. ಅದರ ಅಂಕಿ ಬದಲಾಗಿದ್ದರೆ ಆ ದಿನ ಕೆಟ್ಟಿರುವುದು ಯಂತ್ರ.

ಹೀಗೆ ನಂಬಿಕೆಗೆ ಅರ್ಹವಾದ ಡೈನೊ ಮೊದಲು ತೋರಿಸಿಕೊಡುವುದು ಬಹಳ ಸಲ ಮೋಟಾರಿನ ಗುಟ್ಟನ್ನಲ್ಲ, ತಂತಿಯ ಗುಟ್ಟನ್ನು. ಕಾರುಗಳಲ್ಲಿ ಬಳಸುವ 13 ಗೇಜ್ ತಂತಿಗೆ ಮೀಟರಿಗೆ ಸುಮಾರು 6.6 ಮಿಲಿಓಮ್ ರೋಧ. ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗಿಬರುವ ತಂತಿ ಒಟ್ಟು 30 ಸೆಂ.ಮೀ. ಹೆಚ್ಚಾದರೆ 2 ಮಿಲಿಓಮ್ ಸೇರಿತು. ನಮ್ಮ 44 ಮಿಲಿಓಮಿಗೆ 2 ಸೇರಿದರೆ ದಿಬ್ಬದ ತುದಿ ನೂರಕ್ಕೆ ನಾಲ್ಕರಷ್ಟು ಕುಸಿಯುತ್ತದೆ. ಇದು ಪಕ್ಕಕ್ಕೆ ಸರಿಯುವುದಲ್ಲ, ನಿಜವಾದ ನಷ್ಟ. ಯಾವ ಗೇರೂ ಇದನ್ನು ಮರಳಿ ಕೊಡುವುದಿಲ್ಲ. ಸರಿಯಾಗಿ ಕರಗದೆ ಮಂಕಾಗಿ ಕೂತ ಬೆಸುಗೆ, ಸಡಿಲವಾದ ಬುಲೆಟ್ ಕನೆಕ್ಟರ್ ಕೂಡ ಇಷ್ಟೇ ನಷ್ಟ ಮಾಡಬಲ್ಲವು. ಹೊಸ ರೋಟರ್ ಕೊಳ್ಳುವ ಮೊದಲು ಬೆಸುಗೆ ಕಡ್ಡಿಯನ್ನು ಬಿಸಿ ಮಾಡಿ ಎಂದು ನಾನು ಹೇಳುವುದು ಇದಕ್ಕೆ.

ಉಪನ್ಯಾಸದ ಕೊನೆಗೆ ಸಭಿಕರೊಬ್ಬರು ಕೇಳಿದ ಪ್ರಶ್ನೆ ಹೀಗಿತ್ತು: ಡೈನೊದ ಗ್ರಾಫ್ ಹಿಡಿದುಕೊಂಡು ಟ್ರ್ಯಾಕಿನಲ್ಲಿ ಗೇರ್ ಆರಿಸುವುದು ಹೇಗೆ? ಸಭೆಯಲ್ಲಿ ಚುಟುಕಾಗಿ ಹೇಳಿದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಿಮ್ಮ ಟ್ರ್ಯಾಕಿನಲ್ಲಿ ತಿರುವಿನಿಂದ ಹೊರಬರುವಾಗಿನ ವೇಗಕ್ಕೆ ನೇರ ದಾರಿಯ ಕೊನೆಯ ವೇಗ ಎರಡರಷ್ಟಿದೆ ಎನ್ನೋಣ. ಹಲವು ಸ್ಪೀಡ್ ಕಂಟ್ರೋಲರುಗಳು ಓಟದ ಗರಿಷ್ಠ ಆರ್‌ಪಿಎಂ ಮತ್ತು ತಾಪಮಾನವನ್ನು ದಾಖಲಿಸುತ್ತವೆ. ಅದರಲ್ಲಿ 14,000 ಎಂದು ಕಂಡರೆ, ಮೋಟಾರು ನೇರ ದಾರಿಯಲ್ಲಿ 7,000ದಿಂದ 14,000ದವರೆಗೆ ಕೆಲಸ ಮಾಡುತ್ತಿದೆ. ನಮ್ಮ ಗ್ರಾಫಿನಲ್ಲಿ 7,000ದ ಹತ್ತಿರ ಗರಿಷ್ಠದ ನೂರಕ್ಕೆ 97ರಷ್ಟು ಶಕ್ತಿಯಿದೆ, 14,000ದಲ್ಲಿ ನೂರಕ್ಕೆ 58 ಮಾತ್ರ. ಅಂದರೆ ನೇರ ದಾರಿಯ ಕೊನೆಗೆ ಕಾರು ಬಸವಳಿಯುತ್ತಿದೆ. ಪಿನಿಯನ್ ದೊಡ್ಡದು ಮಾಡಿ ಅದೇ ಓಟವನ್ನು 6,000ದಿಂದ 12,000ಕ್ಕೆ ಇಳಿಸಿದರೆ ಆರಂಭದಲ್ಲಿ ನೂರಕ್ಕೆ 91, ಕೊನೆಯಲ್ಲಿ 83. ತಿರುವಿನಿಂದ ಏಳುವಾಗ ಸ್ವಲ್ಪ ಕಳೆದುಕೊಂಡರೂ ಒಟ್ಟಾರೆ ಹೆಚ್ಚು ಶಕ್ತಿ ನೆಲಕ್ಕೆ ಸಿಗುತ್ತದೆ. ಆದರೆ 7,000ದಲ್ಲಿ 99 ಆಂಪಿಯರ್ ಇದ್ದ ಕರೆಂಟ್ 6,000ದಲ್ಲಿ 109 ಆಗುತ್ತದೆ, ಆ ಕ್ಷಣದ ಬಿಸಿ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ಐದು ನಿಮಿಷದ ಪಂದ್ಯದಲ್ಲಿ ಆ ಬಿಸಿ ಕೂಡುತ್ತ ಹೋಗಿ, ಮೇಲೆ ಹೇಳಿದ ತಾಮ್ರ-ಅಯಸ್ಕಾಂತದ ಲೆಕ್ಕಕ್ಕೆ ಸಿಕ್ಕಿ, ಕೊನೆಯ ಸುತ್ತುಗಳಲ್ಲಿ ದಿಬ್ಬವನ್ನೇ ತಗ್ಗಿಸುತ್ತದೆ.

ಆದ್ದರಿಂದ 14,000ದಿಂದ 12,000ಕ್ಕೆ ಒಂದೇ ನೆಗೆತದಲ್ಲಿ ಹೋಗಬಾರದು. 36 ಹಲ್ಲಿನ ಪಿನಿಯನ್ ಇದ್ದವರಿಗೆ ಅದು ಆರು ಹಲ್ಲಿನ ದೂರ. ಒಂದು ಹಲ್ಲು ಏರಿಸಿ, ಪೂರ್ತಿ ಪಂದ್ಯದಷ್ಟು ಹೊತ್ತು ಓಡಿಸಿ, ಕಾರು ನಿಂತ ಕೂಡಲೇ ಹಿಂಬದಿಯ ಮುಚ್ಚಳದ ತಾಪಮಾನ ಬರೆದುಕೊಳ್ಳಿ. ಮೊದಲ ಒಂದು ನಿಮಿಷದ ಲ್ಯಾಪ್ ಸಮಯವನ್ನೂ ಕೊನೆಯ ಒಂದು ನಿಮಿಷದ ಲ್ಯಾಪ್ ಸಮಯವನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಯಾವ ಹಲ್ಲಿನಲ್ಲಿ ಕೊನೆಯ ನಿಮಿಷ ಮೊದಲ ನಿಮಿಷಕ್ಕಿಂತ ಎದ್ದು ಕಾಣುವಷ್ಟು ನಿಧಾನವಾಗುತ್ತದೆಯೋ ಅಲ್ಲಿಂದ ಒಂದು ಹಲ್ಲು ಹಿಂದಕ್ಕೆ ಬನ್ನಿ. ಟೈರ್ ಸವೆದು ಚಿಕ್ಕದಾದಾಗ, ಅಥವಾ ಏಪ್ರಿಲ್ ಬಿಸಿಲಿನಲ್ಲಿ ಓಡಿಸುವಾಗ, ಆ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ.